ಆ ಅರ್ಧ ಸೆಕೆಂಡು

"ಇವಳು ಎಲ್ಲಿಂದ ಬಂದ್ಲು ಈಗ?"

ಡ್ರೈವರ್ ಕೇಳಿದ್ದು ಯಾರನ್ನೂ ಅಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದ ಪರದೆಯಲ್ಲಿ ಅವರ ಬಸ್ಸು ನಿಲ್ದಾಣದ ಮುಂದೆ ಓರೆಯಾಗಿ ನಿಂತಿತ್ತು. ಮುಂದಿನ ಚಕ್ರದ ಬಳಿ ಕೊಡೆ ಹಿಡಿದ ಹೆಂಗಸೊಬ್ಬಳು ಬಿದ್ದಿದ್ದಳು. ಮೇಲೆ ಕೆಂಪಕ್ಷರ: ಪಾದಚಾರಿಗೆ ಡಿಕ್ಕಿ.

"ಈ ವಾರದಲ್ಲಿ ಇವಳು ಐದನೆಯವಳು," ಎಂದರು. "ಮೂವತ್ತೊಂದು ವರ್ಷ ಬಸ್ ಓಡಿಸಿದವನು ನಾನು. ಒಂದು ನಾಯಿಗೂ ತಾಗಿಸಿಲ್ಲ."

"ಅಪ್ಪ, ಅದು ಆಟ. ನೋಡು, ಎದ್ದು ಹೋಗ್ತಾಳೆ," ಎಂದಳು ಮಗಳು. ಹೆಂಗಸು ನಿಜವಾಗಿಯೂ ಎದ್ದಳು, ಕೊಡೆ ಸರಿಮಾಡಿಕೊಂಡು ನಡೆದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಡ್ರೈವರ್ ಕಣ್ಣು ಕೀಳಲಿಲ್ಲ.

ಕಂಪ್ಯೂಟರ್ ಮಗಳದು, ಕಾಲೇಜಿನ ದಿನಗಳಲ್ಲಿ ಆಟಕ್ಕೆಂದೇ ಕೊಂಡದ್ದು. ಕಳೆದ ವರ್ಷ ಡಿಪೋದ ವೈದ್ಯರು ಅಪ್ಪನನ್ನು ಪರೀಕ್ಷಿಸಿ, ಬ್ರೇಕ್ ಒತ್ತುವುದರಲ್ಲಿ ಅರ್ಧ ಸೆಕೆಂಡು ತಡ ಎಂದು ಬರೆದು ಬಸ್ಸಿನಿಂದ ಇಳಿಸಿದರು. ಆಗ ಅವಳೇ ಈ ಬಸ್ಸಿನ ಆಟ ಹಾಕಿ, ಸ್ಟಿಯರಿಂಗು, ಪೆಡಲು ಜೋಡಿಸಿಕೊಟ್ಟಿದ್ದಳು. ಇವತ್ತು ಅವನ್ನೂ ಅಂಗಡಿಗೆ ತಂದಿದ್ದರು. ಊರಾಚೆಯ ರಸ್ತೆಯಲ್ಲಿ ಆಟ ಸಲೀಸು. ಜನ ಸೇರುವ ನಿಲ್ದಾಣ ಬಂತೆಂದರೆ, ಪದ್ಯ ಹೇಳುವವನಿಗೆ ಸಾಲಿನ ನಡುವೆ ಉಸಿರು ಕಟ್ಟಿದ ಹಾಗೆ ಚಿತ್ರ ಅಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಹೊರಡುವಷ್ಟರಲ್ಲಿ ಚಕ್ರದ ಬಳಿ ಯಾರೋ ಒಬ್ಬರು. ಕಾಲು ಬ್ರೇಕಿನ ಮೇಲೇ ಇತ್ತು ಎಂದು ಡ್ರೈವರ್ ಪ್ರತಿ ಸಲವೂ ಹೇಳುತ್ತಿದ್ದರು. ಇತ್ತೀಚೆಗೆ ಹೇಳುವಾಗ ದನಿ ಸಣ್ಣಗಾಗುತ್ತಿತ್ತು.

"ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡಿ," ಎಂದಳು ಮಗಳು.

ರಿಪೇರಿಯವನು ಪರದೆಯ ಮೂಲೆಯಲ್ಲಿ ಕಾರ್ಡಿನ, ಪ್ರೊಸೆಸರಿನ ದುಡಿಮೆ ಹೇಳುತ್ತಾ ಏರಿಳಿಯುತ್ತಿದ್ದ ಎರಡು ಗೆರೆಗಳನ್ನು ತೋರಿಸಿದ. "ಕಾರ್ಡು ಅರೆನಿದ್ದೆಯಲ್ಲಿದೆ ಮೇಡಂ. ಏದುಸಿರು ಬಿಡ್ತಿರೋದು ಪ್ರೊಸೆಸರ್ರು. ಕಾರ್ಡು ಅಂದ್ರೆ ಬಸ್ಸಿನ ಪೇಂಟು. ಪ್ರೊಸೆಸರ್ರು ಕಂಡಕ್ಟರ್ ಇದ್ದ ಹಾಗೆ. ಯಾರು ಎಲ್ಲಿ ನಡೀಬೇಕು, ಯಾರು ಹತ್ತಬೇಕು, ಎಲ್ಲಾ ಅವನೇ ನೋಡ್ಬೇಕು. ಇಷ್ಟು ಜನಕ್ಕೆ ಒಬ್ಬ ಮುದಿ ಕಂಡಕ್ಟರ್ ಸಾಕಾಗ್ತಾನಾ?"

"ಮುದಿಯನ್ನ ಇಳಿಸಿಬಿಡಪ್ಪ," ಎಂದರು ಡ್ರೈವರ್. "ನಮ್ಮ ಡಿಪೋದಲ್ಲೂ ಅದೇ ರೂಢಿ."

ರಿಪೇರಿಯವನು ನಗುತ್ತಾ ಡ್ರಾಯರಿನಿಂದ ಎರಡು ಪುಟ್ಟ ಡಬ್ಬಿ ತೆಗೆದ. ಈ ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಯಾವುದೂ ಕೂರುವುದಿಲ್ಲ. ಕೂರುವುದು ಈ ಎರಡೇ, ಎರಡೂ ಯಾರೋ ಬಳಸಿ ಬಿಟ್ಟದ್ದು. "ನಾಲ್ಕು ಕೋರಿನದು, ಅಂದ್ರೆ ಒಳಗೆ ನಾಲ್ಕು ಕಂಡಕ್ಟರ್ ಇದ್ದ ಹಾಗೆ, ಅಗ್ಗ. ಆಟ ನಿಲ್ಲೋದು ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಆರು ಕೋರಿನದರ ಬೆಲೆ ಅದರ ಎರಡರಷ್ಟು. ಆದ್ರೆ ನಿಲ್ಲೋ ಮಾತೇ ಇಲ್ಲ. ನೀವು ಒತ್ತಿದ ಕ್ಷಣಕ್ಕೆ ಬ್ರೇಕ್ ಹಿಡಿಯುತ್ತೆ."

"ಆಮೇಲೂ ಯಾರಾದ್ರೂ ಸಿಕ್ಕಿದ್ರೆ?"

"ಆಮೇಲೆ ತಪ್ಪು ನಿಮ್ಮದೇ ಬಿಡಿ, ಯಜಮಾನ್ರೇ!"

ನಕ್ಕವನು ಅವನೊಬ್ಬನೇ. ಡ್ರೈವರ್ ಆರು ಕೋರಿನ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಮಗಳು ಅಪ್ಪನ ಮುಖ ನೋಡಿದಳು. ಇದನ್ನು ಹಾಕಿಸಿದ ಮೇಲೂ ಒಬ್ಬರು ಬಿದ್ದರೆ ಆ ಅರ್ಧ ಸೆಕೆಂಡನ್ನು ಹೊರಿಸಲು ಬೇರೆ ಯಾರೂ ಉಳಿಯುವುದಿಲ್ಲ.

"ಏನೂ ಕೊಳ್ಳದೆ ಸರಿಮಾಡೋ ದಾರಿ ಇಲ್ವಾ?" ಎಂದು ಕೇಳಿದಳು.

"ಯಾಕಿಲ್ಲ?" ರಿಪೇರಿಯವನು ಆಟದ ಸೆಟ್ಟಿಂಗ್ ತೆರೆದು, 'ಜನಸಂದಣಿ' ಎಂದಿದ್ದ ಕಡೆ ಗುಂಡಿಯನ್ನು ಸೊನ್ನೆಗೆ ಎಳೆದ. ಫುಟ್‌ಪಾತುಗಳು ಬರಿದಾದವು. "ಈಗ ಓಡಿಸಿ. ಇದೇ ಹಳೇ ಪ್ರೊಸೆಸರ್ ಸಾಕು."

ಬಸ್ಸು ನೀರು ಹರಿದ ಹಾಗೆ ಹೋಯಿತು. ಮೊದಲ ನಿಲ್ದಾಣದಲ್ಲಿ ಡ್ರೈವರ್ ಬಾಗಿಲು ತೆರೆದರು. ಹತ್ತುವವರಿಗೆ ಬೇಕಾಗುವಷ್ಟು ಹೊತ್ತು ಕಾದರು, ಕನ್ನಡಿ ನೋಡಿದರು, ಮುಚ್ಚಿದರು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ಸ್ಟಿಯರಿಂಗಿನಿಂದ ಕೈ ತೆಗೆದರು.

"ಎಷ್ಟು ಚೆನ್ನಾಗಿ ಹೋಗ್ತಿದೆ! ಇದೇ ಇರಲಿ ಅಪ್ಪ. ಯಾರಿಗೂ ಏನೂ ಆಗಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಡ್ರೈವರ್. "ಒಂದು ವರ್ಷದಿಂದ ನಾನೂ ನೆಲಾನೇ ಬೈತಿದೀನಿ. ಮೊದಲು ಆ ಡಾಕ್ಟರನ್ನ ಬೈದೆ, ಈಗ ನಿನ್ನ ಕಂಪ್ಯೂಟರನ್ನ. ಡೊಂಕಿರೋದು ಯಾವುದು ಅಂತ ಒಂದು ಸಲ ಗೊತ್ತಾಗ್ಲಿ."

"ಗೊತ್ತಾಗಿ ಏನಾಗ್ಬೇಕಪ್ಪ?" ಮಗಳು ಅವರ ತೋಳು ಹಿಡಿದಳು. "ಖಾಲಿ ರಸ್ತೇಲೇ ಓಡಿಸು. ನನಗೋಸ್ಕರ."

ಡ್ರೈವರ್ ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಆರು ಕೋರಿನ ಡಬ್ಬಿಯನ್ನು ರಿಪೇರಿಯವನ ಮುಂದಿಟ್ಟರು.

"ಇಲ್ಲಮ್ಮ, ಆಗಲ್ಲ. ಇದನ್ನೇ ಹಾಕಪ್ಪ. ಜನ ಪೂರ್ತಿ ಇರಲಿ. ಆಟದಲ್ಲಿ ಶಾಲೆ ಬಿಡೋ ಹೊತ್ತು ಇಡು."