ಕಚೇರಿಗೊಂದು ಸೀಲ್

ಲಾರಿಯಿಂದ ಇಳಿಸಿದ ಸೀಲ್ ಒದ್ದೆಯಾಗಿತ್ತು. ಅದಕ್ಕೆ ಮೀಸೆಯೂ ಇತ್ತು.

“ಇಲ್ಲಿ ಸಹಿ ಹಾಕಿ,” ಎಂದ ಲಾರಿಯವನು. “ಕೇಂದ್ರ ಕಚೇರಿಯಿಂದ ಬಂದಿದೆ. ಸೀಲ್, ಒಂದು.”

ನೋಂದಣಿ ಕಚೇರಿಯ ಗುಮಾಸ್ತ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಕರಿಯ ಮೈಯ, ಕರುವಿನಷ್ಟು ದಪ್ಪದ ಕಡಲಪ್ರಾಣಿ. ಅದು ಅವನನ್ನು ಮೂಸಿತು. ಆಮೇಲೆ ಮುಂದಿನ ಎರಡು ಈಜುರೆಕ್ಕೆಗಳನ್ನು ಊರಿಕೊಂಡು ತಾನೇ ಮೆಟ್ಟಿಲು ಹತ್ತಿ, ಥಪ್ ಥಪ್ ಎಂದು ಒಳಗೆ ನಡೆದು, ಸಾಹೇಬರ ಮೇಜಿನ ಮುಂದೆ ಅರ್ಜಿ ಕೊಡಲು ಬಂದವರಂತೆ ನಿಂತಿತು.

ಸಾಹೇಬರು ಕುರ್ಚಿಯ ಮೇಲೆ ಹತ್ತಿ ನಿಂತರು. “ಏನ್ರೀ ಇದು?”

“ಸೀಲ್, ಸರ್.”

“ನಾವು ಕೇಳಿದ್ದು ಕಾಗದದ ಮೇಲೆ ಒತ್ತೋ ಸೀಲ್ ಕಣ್ರೀ!”

ಕೇಳಿದ್ದೇನೋ ಅದನ್ನೇ. ಹಳೆಯ ಸೀಲ್ ಸವೆದು ಹೋಗಿ, ಒತ್ತಿದಲ್ಲೆಲ್ಲ ನೀಲಿ ಕಜ್ಜಿ ಎದ್ದಂತೆ ಕಾಣುತ್ತಿತ್ತು. ಹೊಸದು ಬೇಕೆಂದು ಬರೆದರೆ, ನಲ್ಲಿ ಸೋರದಂತೆ ಹಾಕುವ ರಬ್ಬರ್ ಬಳೆ ಬಂತು. ಅದೂ ಸೀಲೇ. ‘ಕಚೇರಿಗೆ ಸೀಲ್ ಬೇಕು’ ಎಂದು ಬಿಡಿಸಿ ಬರೆದರೆ, ಯಾರೋ ಬಂದು ಕಚೇರಿಯ ಬಾಗಿಲಿಗೆ ಬೀಗ ಜಡಿದು, ಮೇಲೆ ಅರಗು ಮೆತ್ತಿ ಹೋದರು. ಅದೂ ಸೀಲೇ. ಒಳಗಿದ್ದ ಸಾಹೇಬರನ್ನು ಕಿಟಕಿಯಿಂದ ಇಳಿಸಬೇಕಾಯಿತು. ಕೊನೆಗೆ ಗುಮಾಸ್ತ ಸಿಟ್ಟಿಗೆದ್ದು ಬರೆದಿದ್ದ: ‘ರಬ್ಬರ್ ಬಳೆ ಬೇಡ, ಬೀಗ ಬೇಡ. ದಯವಿಟ್ಟು ನಿಜವಾದ ಸೀಲ್ ಕಳಿಸಿ.’

“ಮುದ್ರೆ, ಮೊಹರು, ಠಸ್ಸೆ ಅಂತ ನಮ್ಮಲ್ಲೇ ಬೇಕಾದಷ್ಟು ಪದ ಇದೆಯಲ್ರೀ. ಸೀಲ್ ಅಂತಲೇ ಯಾಕೆ ಬರೆದ್ರಿ?”

“ಮೊದಲು ಮೊಹರು ಅಂತಾನೇ ಬರೆದೆ ಸರ್. ‘ಹಾಗಂದ್ರೆ ಸೀಲ್ ತಾನೆ?’ ಅಂತ ಕೇಳಿದ್ರು. ಹೌದು ಅಂದೆ.”

ಲಾರಿಯ ಜೊತೆ ಒಂದು ಆದೇಶವೂ ಬಂದಿತ್ತು. ‘ಸೀಲನ್ನು ಸ್ವೀಕರಿಸಿ ತಕ್ಷಣ ಬಳಕೆಗೆ ತರತಕ್ಕದ್ದು.’ ಸಾಹೇಬರು ಓದಿ ನಿಟ್ಟುಸಿರುಬಿಟ್ಟರು. “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಹಿಂದಕ್ಕೆ ಕಳಿಸಿದ್ರೆ ನಮ್ಮನ್ನೂ ಅದರ ಜೊತೆಗೇ ಕಳಿಸ್ತಾರೆ.”

ಅಷ್ಟರಲ್ಲಿ ಮೀನಂಗಡಿಯವಳು ಬುಟ್ಟಿ ಸಮೇತ ಒಳಗೆ ಬಂದಳು. ಬಾಡಿಗೆಯ ಜಗಳದಲ್ಲಿ ಅವಳ ಅಂಗಡಿಗೆ ಸೀಲ್ ಬಿದ್ದಿತ್ತು. ಜಗಳ ಮುಗಿದು ಹೋಗಿತ್ತು. ಆದರೆ ಆ ಸೀಲ್ ಒಡೆಯಲು ಈ ಕಚೇರಿಯ ಸೀಲ್ ಬಿದ್ದ ಕಾಗದ ಬೇಕಿತ್ತು. ಅಲ್ಲಿಯವರೆಗೆ ತಳ್ಳುಗಾಡಿಯೇ ಗತಿ. ದಿನಾ ಬಂದು ಗುಮಾಸ್ತನಿಗೆ ಮಂಗಳಾರತಿ ಎತ್ತಿ ಹೋಗುತ್ತಿದ್ದಳು. ಊರವರ ಮದುವೆ ಕಾಗದಗಳಿಗೆಲ್ಲ ಮುದ್ರೆ ಒತ್ತುತ್ತ ತಾನು ಒಂಟಿಯಾಗಿಯೇ ಉಳಿದಿದ್ದ ಗುಮಾಸ್ತ, ಈಚೀಚೆಗೆ ಆ ಬೈಗುಳಕ್ಕಾಗಿ ಕಾಯತೊಡಗಿದ್ದ.

“ಸೀಲ್ ಬಂತಾ?” ಎಂದಳು.

“ಬಂತು,” ಎಂದು ಗುಮಾಸ್ತ ಪಕ್ಕಕ್ಕೆ ಸರಿದ.

ಅವಳು ಒಂದು ಕ್ಷಣ ನೋಡಿದಳು. ಬುಟ್ಟಿಯಿಂದ ಮೀನು ತೆಗೆದು ಎಸೆದಳು. ಪ್ರಾಣಿ ಗಾಳಿಯಲ್ಲೇ ಹಿಡಿಯಿತು. ಇನ್ನೊಂದು ಮೀನು ತೋರಿಸಿ ಪುಸಲಾಯಿಸುತ್ತ, ಅದರ ರೆಕ್ಕೆಯನ್ನು ಶಾಯಿಯ ಪ್ಯಾಡಿಗೆ ಅದ್ದಿ ತನ್ನ ಕಾಗದದ ಮೇಲೆ ಊರಿಸಿದಳು. ಬೀಸಣಿಗೆಯಂಥ ನೀಲಿ ಗುರುತು ಮೂಡಿತು.

“ತಗೊಳ್ಳಿ. ಬಳಕೆಗೆ ಬಂತಲ್ಲ.”

ಸಾಹೇಬರು ಕುರ್ಚಿಯ ಮೇಲಿಂದಲೇ ಬಗ್ಗಿದರು. “ಹಳೇದಕ್ಕಿಂತ ಚೆನ್ನಾಗಿ ಬಿದ್ದಿದೆ ಕಣ್ರೀ!”

ಅಂಗಡಿ ತೆರೆಯಿತು. ಸೀಲ್ ಕಚೇರಿಯ ಬಚ್ಚಲ ತೊಟ್ಟಿಯಲ್ಲಿ ನೆಲೆಸಿತು. ಹುಟ್ಟು, ಸಾವು, ಮದುವೆ, ಮನೆ ಮಾರಾಟ ಎಲ್ಲಕ್ಕೂ ಅದರದೇ ಒತ್ತು. ಬೇಗ ಕೆಲಸ ಆಗಬೇಕಾದವರು ಮೇಜಿನ ಕೆಳಗಿಂದ ಮೀನು ದಾಟಿಸತೊಡಗಿದರು. ಹೊಸ ದಂಪತಿಗಳನ್ನು ಬೆಕ್ಕುಗಳು ಮನೆಯವರೆಗೂ ಹಿಂಬಾಲಿಸುತ್ತಿದ್ದವು. ಆದರೂ ಊರು ಸುಖವಾಗಿತ್ತು. ತಿಂಗಳುಗಟ್ಟಲೆ ನಿಂತಿದ್ದ ಕೆಲಸಗಳೆಲ್ಲ ಮುಗಿದಿದ್ದವು.

ಮೀನಂಗಡಿಯವಳು ಬೆಳಿಗ್ಗೆ ಬೆಳಿಗ್ಗೆ ಸೀಲ್‌ಗೆ ಮೀನು ತರುತ್ತಿದ್ದಳು. ಅವಳು ರೆಕ್ಕೆ ಹಿಡಿದರೆ ಗುಮಾಸ್ತ ಕಾಗದ ಹಿಡಿಯುತ್ತಿದ್ದ. ಒಂದು ದಿನ ಅವನು ಹೆಸರಿಲ್ಲದ ಮದುವೆ ಪತ್ರವೊಂದನ್ನು ಮುಂದಿಟ್ಟ.

“ಯಾರದ್ದಿದು?”

“ಒಂದು ಹೆಸರು ನನ್ನದು. ಇನ್ನೊಂದು... ನೀವು ಬೈಯಲ್ಲ ಅಂದ್ರೆ ಹೇಳ್ತೀನಿ.”

“ಬೈಯೋದು ಬಿಟ್ಟು ನಿಮ್ಮ ಹತ್ರ ಇನ್ನೇನು ಮಾತಾಡಿದ್ದೀನಿ ನಾನು?” ಎಂದಳು ಅವಳು. ಮುಖ ತಿರುಗಿಸಿಕೊಂಡೇ ರೆಕ್ಕೆಯನ್ನು ಶಾಯಿಗೆ ಅದ್ದಿದಳು.

ಮದುವೆಯಾಗಿ ಇನ್ನೂ ಮನೆಯಲ್ಲಿ ಪಾತ್ರೆ ಜೋಡಿಸುವುದೂ ಮುಗಿದಿರಲಿಲ್ಲ, ಕೇಂದ್ರ ಕಚೇರಿಯಿಂದ ತಪಾಸಣೆಗೆ ಮೇಡಂ ಬಂದಿಳಿದರು. ಸಾಹೇಬರು ಗುಮಾಸ್ತನತ್ತ ತಿರುಗಿದರು. “ಬಚ್ಚಲ ಬಾಗಿಲು ಹಾಕ್ರೀ,” ಎಂದು ಪಿಸುಗುಟ್ಟುವಷ್ಟರಲ್ಲಿ ಸೀಲ್ ತಾನಾಗಿಯೇ ಬಂದು ಮೇಡಂ ಮುಂದೆ ನಿಂತಿತು.

“ಇದೇನು?”

“ಸೀಲ್, ಮೇಡಂ. ನೀವೇ ಕಳಿಸಿದ್ದು,” ಎಂದರು ಸಾಹೇಬರು. ಗುಮಾಸ್ತ, ಎಂದಿನಂತೆ ಮೀನು ತಂದಿದ್ದ ಹೆಂಡತಿಯ ಕೈ ಹಿಡಿದುಕೊಂಡ. ಕೆಲಸ ಹೋಯಿತು ಎಂದೇ ಮೂವರೂ ಅಂದುಕೊಂಡರು.

ಮೇಡಂ ಆದೇಶವನ್ನು ತರಿಸಿ ಓದಿದರು. “ಹೌದಲ್ಲ. ಸೀಲ್, ಒಂದು. ಬಳಕೆಗೂ ತಂದಿದ್ದೀರಿ. ಎಲ್ಲ ಕಚೇರಿಯೂ ಹೀಗಿದ್ದರೆ ನನಗೇನು ಕೆಲಸ?”

ಸಾಹೇಬರಿಗೆ ಹೋದ ಜೀವ ಬಂತು. ಮೀನಂಗಡಿಯವಳು ಮುಂದೆ ಬಂದಳು. “ನಮ್ಮ ಮದುವೆಗೂ ಇದರದ್ದೇ ಸೀಲ್, ಮೇಡಂ.”

“ಒಳ್ಳೇದಾಗಲಿ,” ಎಂದು ನಕ್ಕು ಮೇಡಂ ಪ್ರಾಣಿಯ ತಲೆ ನೇವರಿಸಿದರು. ಬೆರಳು ಒಂದು ಕಡೆ ತಡವರಿಸಿ ನಿಂತಿತು. ಬಗ್ಗಿ ನೋಡಿದರು. ನಗು ಮಾಯವಾಯಿತು.

“ಇದಕ್ಕೆ ಹೊರಕಿವಿ ಇದೆ. ಸೀಲ್‌ಗೆ ಬರೀ ತೂತಿರುತ್ತೆ. ಇದು ಕಡಲಸಿಂಹ, ಬೇರೆ ಜಾತಿ,” ಎಂದರು ಮೇಡಂ. “ಅಂದ್ರೆ, ಊರಿಗೆಲ್ಲ ನೀವು ಒತ್ತಿರೋದು ನಕಲಿ ಸೀಲ್!”