ಮಗಳ ಕಾಗದ

ಚಂದ್ರಿಕಾ ಕಾಣೆಯಾಗಿ ಮೂರು ತಿಂಗಳಾಗಿತ್ತು. ಈ ನಡುವೆ ಅವಳ ಹೆಸರಿನಲ್ಲಿ ತಾಯಿಗೆ ಎರಡು ಕಾಗದ ಬಂದಿದ್ದವು. ಎರಡೂ ಟೈಪ್ ಮಾಡಿದವು, ಕಳಿಸಿದವರ ವಿಳಾಸವಿರಲಿಲ್ಲ. 'ಅಮ್ಮ, ನಾನು ಚೆನ್ನಾಗಿದ್ದೇನೆ, ನೀನು ಹೊತ್ತಿಗೆ ಸರಿಯಾಗಿ ಹೂಟ ಮಾಡು' ಎಂದಷ್ಟೇ ಇತ್ತು. ತಾಯಿ ದಿನವೂ ಠಾಣೆಗೆ ಬಂದು ಅಳುವುದನ್ನು ನೋಡಲಾರದೆ ಇನ್‌ಸ್ಪೆಕ್ಟರ್ ಅವನ್ನು ಭಾಷಾತಜ್ಞೆಯೊಬ್ಬರಿಗೆ ಒಪ್ಪಿಸಿದ್ದರು. ಇಂದು ಅವರು ವರದಿ ತಂದಿದ್ದರು.

"ನನ್ ಮಗಳು ಮಾತು ಕಲ್ತಾಗಿಂದ ನನ್ನ ಅವ್ವ ಅಂತ್ಲೇ ಕರ್ದವ್ಳೆ. ಇದ್ರಲ್ಲಿ ಅಮ್ಮ ಅಂತ ಐತಂತೆ. ಇದು ಅವಳು ಬರ್ದಿದ್ದಲ್ಲ ಮೇಡಂ." ತಾಯಿ ಮೇಜನ್ನು ಬಿಗಿಯಾಗಿ ಹಿಡಿದುಕೊಂಡಳು. "ಯಾರೋ ಅವಳನ್ನ ಎಲ್ಲೋ ಕೂಡಾಕವ್ರೆ. ಹುಡುಕ್ರಪ್ಪಾ, ನಿಮ್ ಕಾಲಿಗೆ ಬೀಳ್ತೀನಿ."

"ನೀವು ಹೇಳೋದು ನಿಜ. ಇದು ನಿಮ್ಮ ಮಗಳು ಬರೆದಿದ್ದಲ್ಲ," ಎಂದರು ತಜ್ಞೆ. "ಅವಳ ಕಾಲೇಜು ನೋಟ್‌ಬುಕ್ಕಿನಲ್ಲಿ ಊಟ ಅಂತ ಸರಿಯಾಗೇ ಇದೆ. ಕಾಗದಗಳಲ್ಲಿ ಮಾತ್ರ 'ಹೂಟ'. ಇದೇ ತಪ್ಪು ಈ ಫೈಲಿನಲ್ಲಿ ಇನ್ನೊಂದು ಕಡೆ ಇದೆ."

ಅವರು ತೆರೆದು ತೋರಿಸಿದ್ದು, ಮಗಳು ಕಾಣೆಯಾದ ದಿನ ತಂದೆ ಕೈಯಾರೆ ಬರೆದುಕೊಟ್ಟಿದ್ದ ದೂರು: 'ಹೂಟ ಮಾಡಿ ಹೋದವಳು ಮನೆಗೆ ಬಂದಿರುವುದಿಲ್ಲ.'

ಬಾಗಿಲ ಬಳಿ ನಿಂತಿದ್ದ ತಂದೆ ಮೇಜಿನ ಹತ್ತಿರ ಬಂದ.

"ನಾನೇ ಬರ್ದು, ಹಂಗೇ ಟೈಪ್ ಮಾಡಿಸ್ದೆ ಸಾ. ಇವಳು ಅನ್ನ ನೀರು ಬುಟ್ಟು ಸಾಯಂಗಾಗಿದ್ಲು. ಮಗಳು ಚೆನ್ನಾಗವ್ಳೆ ಅಂತ ತಿಳಿದ್ರೆ ಎರಡು ತುತ್ತು ತಿಂತಾಳೆ ಅಂತ..."

ಇನ್‌ಸ್ಪೆಕ್ಟರ್ ಫೈಲು ಮುಚ್ಚಿದರು.

"ಮೊದಲನೇ ಕಾಗದ ಬಂದ ದಿನವೇ ನಾವು ಹುಡುಕೋದನ್ನ ನಿಲ್ಲಿಸಿಬಿಟ್ವಲ್ಲ, ಯಜಮಾನ್ರೇ."