ಬರೇ ಹಾಜರ್ ಹೇಳಾಕಿ

ಒಂದು ಪಟ್ಟಣದಲ್ಲಿ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರೊಬ್ಬರಿದ್ದರು. ಎಲ್ಲರೂ ಅವರನ್ನು ಸಾಹುಕಾರ್ರು ಅಂತಲೇ ಕರೆಯುತ್ತಿದ್ದರು.

ಅವರಿಗೊಂದು ಆಸೆ... ಮಗಳು ಸಮೃದ್ಧಿಗೆ ಸರ್ಕಾರಿ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಗಬೇಕು. ಒಳ್ಳೆಯ ಟೀಚರುಗಳು, ಲ್ಯಾಬು, ಹಾಸ್ಟೆಲ್ಲು... ಎಲ್ಲವೂ ಫ್ರೀ.

ಆದರೆ ಅಲ್ಲಿನ ಹೆಚ್ಚಿನ ಸೀಟುಗಳು ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳಿಗೇ ಮೀಸಲು.

ಸಾಹುಕಾರ್ರು ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಐದನೇ ಕ್ಲಾಸಿಗೆ ಮಗಳ ಹೆಸರು ಹಚ್ಚಿಸಿದರು.

ಹೆಸರು ಹಳ್ಳಿಯಲ್ಲಿ... ಮಗಳು ಮಾತ್ರ ಪಟ್ಟಣದ ಎಸಿ ಕೋಚಿಂಗ್ ಸೆಂಟರಿನಲ್ಲಿ!

ಹಳ್ಳಿ ಶಾಲೆಯ ಅದೇ ಕ್ಲಾಸಿನ ಮುಂದಿನ ಸಾಲಿನಲ್ಲಿ ಹುಲಿಗೆವ್ವ ಎಂಬ ಹುಡುಗಿ ಕೂರುತ್ತಿದ್ದಳು. ಅಪ್ಪ ಅವ್ವ ಇಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿ ಸಾಕುತ್ತಿದ್ದ ಅಜ್ಜಿ ಒಬ್ಬಳೇ. ಅವಳನ್ನು 'ಆಯಿ' ಅನ್ನುತ್ತಿದ್ದಳು.

ಆ ಊರಲ್ಲಿ ಏಳನೇ ಕ್ಲಾಸಿನ ಮುಂದೆ ಶಾಲೆ ಇಲ್ಲ. ಏಳು ಮುಗಿಸಿದ ಹುಡುಗಿಯರು ನೇರ ಮೆಣಸಿನಕಾಯಿ ರಾಶಿಯ ಮುಂದೆ ಕೂರುತ್ತಾರೆ.

ಹುಲಿಗೆವ್ವಳಿಗೂ ಆ ವಸತಿ ಶಾಲೆಯ ಸೀಟು ಬೇಕಿತ್ತು. ಸಾಹುಕಾರ್ರ ಮಗಳಿಗಿಂತ ಹೆಚ್ಚು ಬೇಕಿತ್ತು...

ಹಾಜರಿ ತಪಾಸಣೆಗೆ ಯಾವಾಗ ಆಫೀಸರ್ ಬರುತ್ತಾರೋ ಎಂಬ ಭಯಕ್ಕೆ ಹೆಡ್ ಮಾಸ್ತರರು ಒಂದು ದಾರಿ ಹುಡುಕಿದ್ದರು.

"ಏ ಹುಲಿಗೆವ್ವ, ಸಮೃದ್ಧಿ ಅಂತ ಕರದ್ರೂ ನೀನ ಹಾಜರ್ ಅನ್ಬೇಕು ನೋಡು. ಆದ್ರ ದನಿ ಸಣ್ಣಗ ತಗಿ... ಪ್ಯಾಟಿ ಹುಡುಗಿ ಅದಾಳಕಿ!"

ಕ್ಲಾಸೆಲ್ಲ ನಕ್ಕಿತು. ಹುಲಿಗೆವ್ವಳೂ ನಕ್ಕಳು.

ಆಫೀಸರ್ ಬಂದೇ ಬಂದರು. "ಸಮೃದ್ಧಿ ಯಾರು?" ಅಂದಾಗ ಹುಲಿಗೆವ್ವ ಎದ್ದು ನಿಂತು ಮಗ್ಗಿ ಹೇಳಿದಳು. ಅವರು ಬೆನ್ನು ತಟ್ಟಿ "ವೆರಿ ಗುಡ್ ಸಮೃದ್ಧಿ" ಅಂದರು.

ಮನೆಯಲ್ಲೂ 'ಸಮೃದ್ಧಿ... ಹಾಜರ್' ಎಂದು ಆ ಸಣ್ಣ ದನಿಯದೇ ಆಟ. "ಅದ್ಯಾರ ಹೆಸರು ಯವ್ವಾ?" ಎಂದು ಆಯಿ ಕೇಳಿದಾಗ, "ನಂದ ಆಯಿ, ಸಾಲ್ಯಾಗ!" ಎಂದು ತಮಾಷೆ ಮಾಡಿದ್ದಳು.

ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು ಹೆಸರು... ಊರಿನ ಎಷ್ಟೋ ಮಕ್ಕಳಿಗೆ ಹಾಗೇ. ಆಯಿ ನಂಬಿಬಿಟ್ಟಳು.

ಪ್ರವೇಶ ಪರೀಕ್ಷೆ ಆಯಿತು. ಹುಲಿಗೆವ್ವಳೂ ಬರೆದಳು. ರಿಸಲ್ಟೂ ಬಂತು. ಊರೆಲ್ಲ ಒಂದೇ ಸುದ್ದಿ...

"ನಮ್ಮೂರ ಸಾಲಿ ಸಮೃದ್ಧಿಗೆ ಸೀಟು ಸಿಕ್ಕೈತಂತ!"

ಹಳ್ಳಿಯ ಪಾಲಿನ ಸೀಟಿನಲ್ಲಿ ಹಳ್ಳಿಯನ್ನೇ ಕಾಣದ ಮಗು ಗೆದ್ದಿತ್ತು. ಹುಲಿಗೆವ್ವ ಅದರ ಕೆಳಗೆ ವೇಟಿಂಗ್ ಲಿಸ್ಟಿನ ಮೊದಲ ಹೆಸರಾಗಿ ಉಳಿದಿದ್ದಳು.

ಸುದ್ದಿ ಕೇಳಿದ ಆಯಿ ತೊಟ್ಟು ಬಿಡಿಸುವುದನ್ನು ಬಿಟ್ಟು ಎದ್ದವಳೇ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿ ಒರೆಸಿದಳು.

"ಆಯಿ... ಅದು..." ಎಂದು ಬಾಯಿ ತೆರೆದಳು ಹುಲಿಗೆವ್ವ. ಆಯಿ ಹಾಗೆ ನಕ್ಕಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ತಾನೂ ಟ್ರಂಕು ಒರೆಸತೊಡಗಿದಳು...

ಮರುದಿನ ಸಾಹುಕಾರ್ರು ಪೇಢೆಯ ಬಾಕ್ಸ್ ಹಿಡಿದು ಮಗಳ ಟಿಸಿ ತೆಗೆದುಕೊಳ್ಳಲು ಶಾಲೆಗೆ ಬಂದರು. ಬಾಗಿಲಲ್ಲೇ ಟ್ರಂಕು ಇಟ್ಟುಕೊಂಡು ಆಯಿ ನಿಂತಿದ್ದಳು. ಪಕ್ಕದಲ್ಲಿ ತಲೆ ತಗ್ಗಿಸಿದ ಹುಲಿಗೆವ್ವ.

ಕಾರು ಕಂಡ ಆಯಿ, ಮೊಮ್ಮಗಳನ್ನು ಕರೆದೊಯ್ಯಲು ವಸತಿ ಶಾಲೆಯವರೇ ಬಂದರು ಅಂದುಕೊಂಡು ಕೈ ಮುಗಿದಳು.

"ಸಾಹೇಬ್ರ, ನಮ್ಮ ಸಮೃದ್ಧೀನ ಚಂದಂಗ ನೋಡ್ಕೋರಿ... ತಾಯಿ ಇಲ್ಲದ ಕೂಸು. ನಿದ್ದಿಗಣ್ಣಾಗ ಬೆಚ್ಚತಾಳ. ಯಾರೂ ಬೈಬ್ಯಾಡ್ರಿ ಅಂತ ಹೇಳ್ರಿ..."

ಸಾಹುಕಾರ್ರು ಕಾರಿನ ಕಡೆ ತಿರುಗಿ ನೋಡಿದರು.

ಕಾರಿನಿಂದ ಮಗಳು ಇಳಿದು ಬಂದಳು. "ಅಪ್ಪಾ... ಸಮೃದ್ಧಿ ನಾನಲ್ಲಾ? ಈ ಅಜ್ಜಿ ಯಾಕ ನನ್ನ ಹೆಸರು ಹೇಳ್ತಾರ?"

ಆಯಿ ಮೊಮ್ಮಗಳ ಕಡೆ ತಿರುಗಿದಳು.

"ಹೌದು ಆಯಿ... ಆಕೀನ ಸಮೃದ್ಧಿ. ನಾ ಬರೇ ಹಾಜರ್ ಹೇಳಾಕಿ."

ಕಾರಿನ ಸದ್ದಿಗೆ ಹೊರಗೆ ಬಂದಿದ್ದ ಹೆಡ್ ಮಾಸ್ತರರನ್ನು ಆಯಿ ಕೇಳಿದಳು. "ಅಂದ್ರ ಈ ಕೂಸು ಒಂದಿನಾನೂ ಇಲ್ಲಿ ಕುಂತಿಲ್ಲೇನ್ರೀ ಸರ?"

ಮಾಸ್ತರರು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದರು.

ಸಮೃದ್ಧಿ ಅಳಲು ಶುರು ಮಾಡಿದಳು. ಅವಳ ಕಣ್ಣು ಒರೆಸಲು ಆಯಿ ಕೈ ಚಾಚಿದಳು... ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ ತಂಗಿ... ನನ್ನ ಕೈಯಾಗ ಖಾರ ಐತಿ. ನಿನ್ನ ಕಣ್ಣು ಉರಿತಾವು."

ಸೆರಗಿನಿಂದ ಒರೆಸಿದಳು. ತನ್ನ ಕಣ್ಣನ್ನು ಒರೆಸಿಕೊಳ್ಳಲಿಲ್ಲ. ಮೊಮ್ಮಗಳ ಕೈಗೆ ಟ್ರಂಕಿನ ಒಂದು ಹಿಡಿಕೆ ಕೊಟ್ಟು, ತಾನೊಂದು ಹಿಡಿದು, ಮನೆಯ ದಾರಿ ಹಿಡಿದಳು.

ಸಾಹುಕಾರ್ರೂ ಅತ್ತರು. ನಿಜವಾಗಿಯೂ ಅತ್ತರು.

ಆದರೆ ಸೀಟು ಬಿಡಲಿಲ್ಲ.

ಇದನ್ನು ಓದಿ ನಿಮ್ಮ ಕಣ್ಣು ತೇವವಾಗಿದ್ದರೆ ಸ್ವಲ್ಪ ತಡೆಯಿರಿ... ಅವರ ಕಣ್ಣೂ ಹೀಗೇ ತೇವವಾಗಿತ್ತು!

ಜೂನ್ ಬಂತು. ಅದೇ ಹಳ್ಳಿ ಶಾಲೆಯ ಆರನೇ ಕ್ಲಾಸಿನಲ್ಲಿ ಮಾಸ್ತರರು ಹಾಜರಿ ಕರೆದರು. ಈಗ ಸಮೃದ್ಧಿಯ ಹೆಸರಿಲ್ಲ.

"ಹುಲಿಗೆವ್ವ..."

ಸದ್ದಿಲ್ಲ.

"ಏ ಹುಲಿಗೆವ್ವ!"

ಮುಂದಿನ ಸಾಲಿನಲ್ಲೇ ಕೂತಿದ್ದಳು. ಬೋರ್ಡನ್ನೇ ನೋಡುತ್ತಿದ್ದಳು. ಮತ್ತೊಬ್ಬಳ ಹೆಸರಿಗೆ ವರ್ಷವಿಡೀ ಹಾಜರ್ ಅಂದ ಹುಡುಗಿ... ತನ್ನ ಹೆಸರಿಗೆ ಬಾಯಿ ತೆರೆಯಲಿಲ್ಲ.

*ಇಲ್ಲದವರ ಪಾಲಿನ ಸೀಟನ್ನು ಕಿತ್ತುಕೊಂಡು, ಅದಕ್ಕೆ ಪ್ರತಿಭೆ ಎಂದು ಹೆಸರಿಡಬೇಡಿ.*

ನಿಮ್ಮ ಮಗು ಗೆದ್ದ ದಿನ ನೀವು ಪೇಢೆ ಹಂಚಿದಿರಲ್ಲ... ಯಾರ ಮನೆಯ ಟ್ರಂಕು ಮತ್ತೆ ಅಟ್ಟ ಸೇರಿತು ಎಂದು ಒಮ್ಮೆಯಾದರೂ ಕೇಳಿದ್ದೀರಾ?